ಮಗಳಿಗೊಂದು ಪತ್ರ: ನಾಟಕದಿಂದ ಕ್ಯಾಮೆರಾಕ್ಕೆ ಬಂದ ಮ್ಯಾಕ್ಸ್ ಓಫುಲ್ಸ್

ಪ್ರೀತಿಯ ಪುಟ್ಟಿ,

ಸಿನಿಮಾ ಸೆಟ್‌ನಲ್ಲಿ ಅಸಿಸ್ಟೆಂಟ್ ಆಗಿ ಸೇರಿದ ಮೇಲೆ ನಿನ್ನ ದನಿಯಲ್ಲಿ ಒಂದು ಕೊರಗು ಕೇಳಿಸುತ್ತಿದೆ. ನಾಟಕ ಮಾಡಿಕೊಂಡು ಕಳೆದ ವರ್ಷಗಳೆಲ್ಲ ದಂಡ ಆಯಿತೇನೋ ಅಂತ ಅನ್ನಿಸುತ್ತಿದೆ, ಅಲ್ವಾ? "ಇಲ್ಲಿ ಯಾರಿಗೂ ಅದು ಬೇಕಿಲ್ಲಮ್ಮ" ಅಂದೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ನಿನಗೆ ಮ್ಯಾಕ್ಸ್ ಓಫುಲ್ಸ್ ಎಂಬ ಸಿನಿಮಾ ನಿರ್ದೇಶಕರ ವಿಷಯ ಹೇಳಬೇಕು.

ಅವರು ಹುಟ್ಟಿದ್ದು 1902ರಲ್ಲಿ, ಜರ್ಮನಿಯ ಸಾರ್ಬ್ರುಕೆನ್‌ನಲ್ಲಿ. ಮನೆತನದ ಹೆಸರು ಓಪನ್‌ಹೈಮರ್. ಬಟ್ಟೆ ವ್ಯಾಪಾರದ ಯಹೂದಿ ಕುಟುಂಬ. ಹುಡುಗನಿಗೆ ನಾಟಕದ ಹುಚ್ಚು. ನಟನಾಗಲು ಹೊರಟಾಗ ಹೆಸರನ್ನೇ ಬದಲಾಯಿಸಿಕೊಂಡರು. ತಾನು ಸೋತರೆ ಅಪ್ಪನಿಗೆ ಮುಜುಗರ ಆಗಬಾರದು ಅಂತ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ನೀನು ನಿನ್ನ ಹೆಸರಿನಲ್ಲೇ ಕೆಲಸ ಮಾಡು ಮಗಳೇ. ಸೋತರೂ ನಮಗೇನೂ ಮುಜುಗರವಿಲ್ಲ.

ನಟನೆ ಜಾಸ್ತಿ ದಿನ ನಡೆಯಲಿಲ್ಲ. ಬೇಗ ನಿರ್ದೇಶನಕ್ಕೆ ತಿರುಗಿದರು. ವಿಯೆನ್ನಾದ ಬುರ್ಗ್‌ಥಿಯೇಟರ್, ಫ್ರಾಂಕ್‌ಫರ್ಟ್, ಬ್ರೆಸ್ಲಾವ್ ಅಂತ ಊರೂರು ಸುತ್ತಿ ನಾಟಕದ ಮೇಲೆ ನಾಟಕ ಮಾಡಿಸಿದರು. ಇನ್ನೂರರ ಹತ್ತಿರ ಆಗಿತ್ತು ಅಂತ ಲೆಕ್ಕ ಹೇಳುತ್ತಾರೆ. ಅಷ್ಟೂ ಸಿನಿಮಾಕ್ಕೆ ಬರುವ ಮುಂಚೆ! ಆಮೇಲೆ ಸಿನಿಮಾಕ್ಕೆ ಮಾತು ಬಂತು. ನಟರಿಗೆ ಮಾತು ಆಡಿಸಬಲ್ಲವರು ಬೇಕಾದರು. ಬರ್ಲಿನ್ನಿನಲ್ಲಿ ಅನಾಟೋಲ್ ಲಿಟ್ವಾಕ್ ಎಂಬ ನಿರ್ದೇಶಕರ ಕೈಕೆಳಗೆ ಸಂಭಾಷಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಹೌದು, ಅವರೂ ನಿನ್ನ ಹಾಗೇ ಸಹಾಯಕರಾಗಿಯೇ ಶುರು ಮಾಡಿದ್ದು.

1933ರಲ್ಲಿ ಬಂದ 'ಲೀಬೆಲಾಯ್' ಚಿತ್ರ ಅವರಿಗೆ ಹೆಸರು ತಂದಿತು. ಆರ್ಥರ್ ಶ್ನಿಟ್ಸ್‌ಲರ್ ಅವರ ನಾಟಕ ಅದರ ಮೂಲ. ಅದರಲ್ಲಿ ಇಬ್ಬರ ನಡುವೆ ಪಿಸ್ತೂಲಿನ ದ್ವಂದ್ವಯುದ್ಧ ಇದೆ. ನಮಗೆ ಕೇಳಿಸುವುದು ಒಂದೇ ಗುಂಡಿನ ಸದ್ದು. ಎರಡನೆಯದಕ್ಕೆ ಕಾಯುತ್ತೇವೆ. ಅದು ಬರುವುದೇ ಇಲ್ಲ. ನಾಯಕ ಸತ್ತ ಅಂತ ಹಾಗೆ ಗೊತ್ತಾಗುತ್ತದೆ. ರಂಗದ ಪಕ್ಕದ ಮರೆಯಿಂದ, ಸೈಡ್‌ವಿಂಗ್‌ನಿಂದ ಬರುವ ಒಂದು ಸದ್ದು ಎಷ್ಟು ಕೆಲಸ ಮಾಡುತ್ತದೆ ಅಂತ ನಾಟಕದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಅಷ್ಟರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗಿತ್ತು. ಚಿತ್ರದಿಂದ ಓಫುಲ್ಸ್ ಹೆಸರನ್ನು ತೆಗೆದುಹಾಕಿದರು. ಹೆಂಡತಿ, ಪುಟ್ಟ ಮಗನ ಜೊತೆ ಫ್ರಾನ್ಸಿಗೆ ಹೊರಟುಹೋದರು. ಇಟಲಿ, ಹಾಲೆಂಡ್‌ಗಳಲ್ಲೂ ಚಿತ್ರ ಮಾಡಿದರು. 1938ರಲ್ಲಿ ಫ್ರೆಂಚ್ ಪೌರರಾದರು. 1940ರಲ್ಲಿ ಫ್ರಾನ್ಸೂ ಜರ್ಮನ್ನರ ಕೈಗೆ ಹೋಯಿತು. ಮತ್ತೆ ಓಟ. ಅಮೆರಿಕಕ್ಕೆ ಹೋದ ಮೇಲೆ ವರ್ಷಗಟ್ಟಲೆ ಒಂದು ಚಿತ್ರವೂ ಸಿಗಲಿಲ್ಲ. ಅಲ್ಲಿ ಅವರ ಮೊದಲ ಚಿತ್ರ ಬಂದದ್ದು 1947ರಲ್ಲಿ.

ಮರುವರ್ಷ ಬಂತು 'ಲೆಟರ್ ಫ್ರಮ್ ಆ್ಯನ್ ಅನ್‌ನೋನ್ ವುಮನ್'. ಅದರಲ್ಲಿ ಎರಡು ಜಾಗ ನೀನು ನೋಡಲೇಬೇಕು. ಒಂದು, ಮೆಟ್ಟಿಲು. ಹುಡುಗಿ ಲೀಸಾ ಮೇಲೆ ನಿಂತು, ತಾನು ಪ್ರೀತಿಸುವವನು ಬೇರೆ ಹೆಂಗಸನ್ನು ಕರೆತರುವುದನ್ನು ನೋಡುತ್ತಾಳೆ. ಮುಂದೆ ಒಂದು ರಾತ್ರಿ ಅವನು ಲೀಸಾಳನ್ನೇ ಕರೆತರುತ್ತಾನೆ. ಕ್ಯಾಮೆರಾ ಅದೇ ಮೇಲಿನ ಜಾಗದಲ್ಲೇ ಇದೆ! ಅಂದರೆ ಇವಳೂ ಅವನಿಗೆ ಬಂದುಹೋಗುವವರಲ್ಲಿ ಒಬ್ಬಳು. ಒಂದು ಮಾತಿಲ್ಲದೆ ಎದೆ ಹಿಂಡುತ್ತದೆ. ಪ್ರೇಕ್ಷಕನನ್ನು ಎಲ್ಲಿ ಕೂರಿಸಬೇಕು ಎಂಬ ಲೆಕ್ಕ ಇದು. ತಾಲೀಮಿನಲ್ಲಿ ನೀನು ದಿನಾ ಹಾಕುತ್ತಿದ್ದ ಲೆಕ್ಕವೇ.

ಇನ್ನೊಂದು, ವಿಯೆನ್ನಾದ ಪ್ರಾಟರ್ ಪಾರ್ಕಿನ ಆಟದ ರೈಲು. ಡಬ್ಬಿ ಕದಲುವುದೇ ಇಲ್ಲ. ಕಿಟಕಿಯಾಚೆ ನಮ್ಮ ಕಂಪನಿ ನಾಟಕಗಳ ಪರದೆಯ ಹಾಗೆ ಬರೆದ ಊರುಗಳು ಸರಿಯುತ್ತವೆ. ಮುದುಕನೊಬ್ಬ ಪೆಡಲ್ ತುಳಿದು ಅದನ್ನು ಓಡಿಸುತ್ತಾನೆ. ಸುಳ್ಳು ಅಂತ ಗೊತ್ತಿದ್ದೂ ಇಬ್ಬರೂ ದೇಶ ಸುತ್ತುತ್ತಾರೆ. ನಾಟಕದವರಿಗಲ್ಲದೆ ಇಂಥದ್ದು ಯಾರಿಗೆ ಹೊಳೆಯುತ್ತದೆ?

ಕ್ಯಾಮೆರಾವನ್ನು ಸರಿಸಿಕೊಂಡು ಹೋಗುವ ಟ್ರಾಲಿ ಇಲ್ಲದೆ ಓಫುಲ್ಸ್‌ಗೆ ಕಾಲೇ ಆಡುತ್ತಿರಲಿಲ್ಲ. ಅವರ ಎರಡು ಚಿತ್ರಗಳಲ್ಲಿ ನಟಿಸಿದ ಜೇಮ್ಸ್ ಮೇಸನ್ ಅದರ ಬಗ್ಗೆ ಒಂದು ತಮಾಷೆ ಪದ್ಯವನ್ನೇ ಬರೆದಿದ್ದರು. ಆದರೆ ಆ ಚಲನೆ ಸುಮ್ನೆ ಶೋಕಿಗಲ್ಲ. ಮಧ್ಯೆ ನಿಲ್ಲಿಸದೆ ತೆಗೆಯುವ ಉದ್ದ ಟೇಕ್‌ನಲ್ಲಿ ನಟರು ತುಂಡು ತುಂಡಾಗಿ ನಟಿಸಲು ಆಗುವುದಿಲ್ಲ. ಒಳಗೆ ಬಂದವರು ಹೊರಗೆ ಹೋಗುವವರೆಗೂ ಪಾತ್ರದಲ್ಲೇ ಇರಬೇಕು. ನನ್ನ ಪ್ರಕಾರ ಅದು ರಂಗಮಂಚದ ಶಿಸ್ತೇ. 1953ರ 'ಮದಾಮ್ ದ' ಚಿತ್ರದಲ್ಲಿ ಇಬ್ಬರು ಒಂದೇ ನೃತ್ಯದ ಓಟದಲ್ಲಿ ಹಲವು ವಾರಗಳನ್ನು ದಾಟುತ್ತಾರೆ. ಬಟ್ಟೆ ಬದಲಾಗುತ್ತದೆ, ಸಂಜೆ ಬದಲಾಗುತ್ತದೆ, ಕುಣಿತ ನಿಲ್ಲುವುದಿಲ್ಲ. ಪ್ರೀತಿ ಹುಟ್ಟಿದ್ದನ್ನು ನಾವು ಕಣ್ಣಾರೆ ಕಂಡಿರುತ್ತೇವೆ. ನನಗೆ ಅವರ ಎಲ್ಲ ಚಿತ್ರಗಳಿಗಿಂತ ಇದೇ ಹೆಚ್ಚು.

ಕೊನೆಯ ಚಿತ್ರ 'ಲೋಲಾ ಮೊಂಟೆಸ್' 1955ರಲ್ಲಿ ಬಂತು. ಬಣ್ಣ, ಅಗಲದ ಪರದೆ, ಭಾರಿ ಖರ್ಚು. ಸರ್ಕಸ್ಸಿನ ಕಣದಲ್ಲಿ ಒಬ್ಬ ಹೆಂಗಸಿನ ಬಾಳನ್ನೇ ಟಿಕೆಟ್ ಮಾರಿ ತೋರಿಸುವ ಕಥೆ. ಜನ ಒಪ್ಪಲಿಲ್ಲ. ನಿರ್ಮಾಪಕರು ಚಿತ್ರವನ್ನು ಕತ್ತರಿಸಿ ಬೇರೆ ರೀತಿ ಜೋಡಿಸಿದರು. ಆ ಅನ್ಯಾಯಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮೂಲಕ್ಕೆ ಹತ್ತಿರವಾದ ಪ್ರತಿ 2008ರಲ್ಲಿ ಮತ್ತೆ ಸಿದ್ಧವಾಯಿತು. ಅವರು ನೋಡಲು ಇರಲಿಲ್ಲ.

ಆ ಸೋಲಿನ ಮೇಲೆ ಅವರು ಹೋದದ್ದು ಎಲ್ಲಿಗೆ ಗೊತ್ತಾ? ನಾಟಕಕ್ಕೆ. ಹ್ಯಾಂಬರ್ಗ್‌ನ ರಂಗಮಂದಿರದಲ್ಲಿ 'ಫಿಗರೋನ ಮದುವೆ' ಮಾಡಿಸಿದರು. ಹೃದಯದ ಕಾಯಿಲೆಯಿಂದ ಅದೇ ಊರಿನಲ್ಲಿ, 1957ರ ಮಾರ್ಚ್ 26ರಂದು ತೀರಿಕೊಂಡರು. ಐವತ್ತೈದು ಕೂಡ ತುಂಬಿರಲಿಲ್ಲ. ಅಪ್ಪನ ಜೊತೆ ದೇಶದಿಂದ ದೇಶಕ್ಕೆ ಓಡಿದ್ದ ಮಗ ಮಾರ್ಸೆಲ್ ಮುಂದೆ ದೊಡ್ಡ ಸಾಕ್ಷ್ಯಚಿತ್ರಕಾರರಾದರು. ನಾಜಿಗಳ ಕಾಲದ ಫ್ರಾನ್ಸನ್ನೇ ಪ್ರಶ್ನಿಸಿದರು. ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಈ ವಾರ ಶೂಟಿಂಗ್‌ಗೆ ಬಿಡುವು ಸಿಕ್ಕರೆ 1950ರ 'ಲಾ ರೋಂಡ್'ನ ಮೊದಲ ಶಾಟ್ ನೋಡು. ಸೂತ್ರಧಾರ ಒಂದು ರಂಗಮಂಚದ ಮೇಲಿಂದ ನಡೆದು ಬರುತ್ತಾನೆ. ಸಿನಿಮಾ ಸ್ಟುಡಿಯೋದ ಲೈಟುಗಳನ್ನು ದಾಟುತ್ತಾನೆ. ಕೋಟು ಬದಲಾಯಿಸಿಕೊಂಡು ಹಳೆಯ ವಿಯೆನ್ನಾದ ಒಳಗೆ ಹೋಗುತ್ತಾನೆ. ಅವನು ಎಲ್ಲೆಲ್ಲಿ ನಿಲ್ಲುತ್ತಾನೆ, ಬೆಳಕು ಎಲ್ಲಿ ಬದಲಾಗುತ್ತದೆ ಅಂತ ನಾಟಕದ ಬ್ಲಾಕಿಂಗ್ ಬರೆಯುತ್ತಿದ್ದೆಯಲ್ಲ, ಹಾಗೇ ಒಂದು ಹಾಳೆಯಲ್ಲಿ ಬರೆ. ನಾನೂ ಬರೆದಿಟ್ಟುಕೊಂಡಿದ್ದೇನೆ. ನಿನ್ನದರ ಫೋಟೋ ಕಳಿಸು, ಇಬ್ಬರದನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ.

ನಿನ್ನ
ಅಮ್ಮ