ಬೆಂಗಳೂರು ಬುಲ್ಸ್ ಕಬಡ್ಡಿ ತಂಡದ ಅಭಿಮಾನಿ ಗುಂಪಿನವರಿಗೆ ಒಂದು ಮಾತು

ಗೆಳೆಯರೇ, ನಿನ್ನೆ ರಾತ್ರಿ ಆಟಗಾರರ ಮನೆಯವರನ್ನೂ ಎಳೆದು ತಂದು ಬೈದ ಮೆಸೇಜುಗಳನ್ನು ಅಳಿಸಿದ್ದೇನೆ. ಆಟವನ್ನು ಬೈಯಿರಿ, ನಾನೂ ಜೊತೆಗಿರುತ್ತೇನೆ. ಮನೆಯವರ ತಂಟೆ ಬೇಡ.

ಹೊಟ್ಟೆ ಉರಿ ನನಗೂ ಇದೆ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದು ಕಪ್ ಗೆಲ್ಲಿಸಿದ್ದ. ಅದೇ ತಂಡ 2024ರಲ್ಲಿ 22 ಪಂದ್ಯ ಆಡಿ ಗೆದ್ದಿದ್ದು ಎರಡೇ ಎರಡು! ರೈಡರ್ ಪರ್ದೀಪ್ ನರ್ವಾಲ್ ಬಂದರೆ ಸಾಕು ಅಂದುಕೊಂಡೆವು, ಅಲ್ವಾ? ಆ ಕಡೆ ಡಿಫೆಂಡರ್ ನಿತಿನ್ ರಾವಲ್ ಎದುರಾಳಿ ರೈಡರ್‌ಗಳನ್ನು ಹಿಡಿದೂ ಹಿಡಿದೂ ಸುಸ್ತಾದ, ಈ ಕಡೆ ರೈಡ್ ಮಾಡಿ ಪಾಯಿಂಟ್ ತರುವವರೇ ಇಲ್ಲ. ಡು ಆರ್ ಡೈ ರೈಡ್ (ಪಾಯಿಂಟ್ ತರದಿದ್ದರೆ ರೈಡರ್ ಔಟ್ ಆಗುವ ರೈಡ್) ಬಂತೆಂದರೆ ನಾನು ಟಿವಿ ಬಿಟ್ಟು ನೆಲ ನೋಡುತ್ತಿದ್ದೆ.

ಸೋಲಿಗಿಂತ ಜಾಸ್ತಿ ನೋವು ಬೇರೆಯೇ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಗಂಟಲು ಹರಿಯುವಂತೆ ಕೂಗಿದ್ದೆವಲ್ಲ, ಅದಾದ ಮೇಲಿನ ಎರಡು ಸೀಸನ್‌ಗಳಲ್ಲಿ ಇಲ್ಲಿ ಒಂದು ಮ್ಯಾಚೂ ನಡೆಯಲಿಲ್ಲ. ಊರಿನ ಹೆಸರು ಮಾತ್ರ ಜೆರ್ಸಿ ಮೇಲೆ. ಬಿ.ಸಿ. ರಮೇಶ್ ಕೋಚ್ ಆಗಿ ಬಂದ ಮೇಲೆ ಪ್ಲೇಆಫ್ ಆದರೂ ಸಿಕ್ಕಿತು. ನಮ್ಮವರು ಅಂತ ಸುಮ್ನೆ ಹೊಗಳುತ್ತಿಲ್ಲ, ಆಟದಲ್ಲೇ ಜೀವ ಬಂದಿತ್ತು.

ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಜಗಳ ಇಲ್ಲಿ ಬೇಡ. ಅದಕ್ಕೆ ಫುಟ್‌ಬಾಲ್ ಗುಂಪಿದೆ, ಅಲ್ಲೂ ನಾನೇ ಅಡ್ಮಿನ್.