ಯುರೋ ಇಲ್ಲದ ಯುರೋಪು

ಮಾನ್ಯ ಸಂಪಾದಕರೇ,

ಶಿವಮೊಗ್ಗಕ್ಕೆ ಬಂದಾಗಲೆಲ್ಲ ಸೋದರಮಾವ ಕೇಳುವುದು ಒಂದೇ ಮಾತು: 'ಯುರೋ ತಂದಿದ್ದೀಯೇನೋ?' ಮೀನಿನ ಚಿತ್ರವಿರುವ ನಾರ್ವೆಯ 200 ಕ್ರೋನ್ ನೋಟು ಕೊಟ್ಟರೆ ಮುಖ ಸಣ್ಣದಾಗುತ್ತದೆ. ನಾರ್ವೆ ಐರೋಪ್ಯ ಒಕ್ಕೂಟದಲ್ಲಿ ಇಲ್ಲ ಅಂದರೆ ನಂಬುವುದೇ ಇಲ್ಲ.

ನಾನಿರುವ ಹಾಲ್ಡೆನ್ ಸ್ವೀಡನ್ ಗಡಿಯ ಪಕ್ಕದ ಊರು. ಶನಿವಾರ ಸ್ವಿನೆಸುಂಡ್ ಸೇತುವೆ ದಾಟಿ ದಿನಸಿ ತರುತ್ತೇವೆ, ಅಲ್ಲಿ ಅಗ್ಗ. ಗಡಿ ತಪಾಸಣೆ ಇಲ್ಲದೆ ಓಡಾಡಲು ಬಿಡುವ ಷೆಂಗೆನ್ ವ್ಯವಸ್ಥೆಯಿಂದಾಗಿ ಪಾಸ್‌ಪೋರ್ಟ್ ಕೇಳುವವರು ಅಪರೂಪ. ಆದರೆ ಮಾಂಸ, ಚೀಸ್ ಎಲ್ಲ ಸೇರಿ ತಲೆಗೆ 10 ಕಿಲೋ ದಾಟಿದರೆ ಸುಂಕ ಕಟ್ಟಬೇಕು. ಮನುಷ್ಯರಿಗಿಲ್ಲದ ಗಡಿ ಚೀಸಿಗಿದೆ!

1972ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ ಇಲ್ಲಿನ ಜನ ಒಕ್ಕೂಟ ಬೇಡ ಎಂದರು. ಎರಡನೇ ಸಲ ಬೇಡ ಎಂದವರು ಶೇ 52.2. ಮೀನುಗಾರರಿಗೆ ತಮ್ಮ ಕಡಲಿನ ಚಿಂತೆ, ರೈತರಿಗೆ ಹೊರಗಿನ ಅಗ್ಗದ ಮಾಲಿನ ಭಯ. ಆದರೂ ಒಕ್ಕೂಟದ ಜೊತೆ ಒಂದೇ ಮಾರುಕಟ್ಟೆ ಹಂಚಿಕೊಳ್ಳುವ ಐರೋಪ್ಯ ಆರ್ಥಿಕ ವಲಯದಲ್ಲಿ ಇರುವುದರಿಂದ ಒಕ್ಕೂಟದ ಕೇಂದ್ರ ಬ್ರಸೆಲ್ಸ್‌ನ ಎಷ್ಟೋ ನಿಯಮ ನಮಗೂ ಅನ್ವಯ. ಊಟದ ಖರ್ಚಿಗೆ ಪಾಲು ಕೊಡುತ್ತೇವೆ, ಅಡುಗೆ ಏನಿರಬೇಕು ಅನ್ನುವಾಗ ನಮಗೆ ಮತವಿಲ್ಲ. 2025ರ ಜನವರಿಯಲ್ಲಿ ಮೈತ್ರಿ ಸರ್ಕಾರ ಒಡೆದದ್ದೂ ಒಕ್ಕೂಟದ ವಿದ್ಯುತ್ ನಿಯಮಗಳ ಜಗಳದಿಂದಲೇ.

ಇಷ್ಟಾದ ಮೇಲೆ ಸೇರಿಬಿಡುವುದೇ ವಾಸಿ ಅಲ್ವಾ? ಕುರಿ ಸಾಕುವ ನೆರೆಯವನಿಗೆ ಹಾಗಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಅಂದ ಹಾಗೆ, 2025ರ ಅಕ್ಟೋಬರ್ 1ರಂದು ಜಾರಿಯಾದ ಭಾರತದ ವ್ಯಾಪಾರ ಒಪ್ಪಂದ ನಾರ್ವೆ, ಸ್ವಿಟ್ಜರ್ಲೆಂಡ್, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಜೊತೆಗಿನದು. ಅದಕ್ಕೂ ಐರೋಪ್ಯ ಒಕ್ಕೂಟಕ್ಕೂ ಸಂಬಂಧವಿಲ್ಲ. ವರದಿ ಬರೆಯುವಾಗ ದಯವಿಟ್ಟು ಎರಡನ್ನೂ ಬೆರೆಸಬೇಡಿ.

– ಶಿವಮೊಗ್ಗದ ಓದುಗ, ಹಾಲ್ಡೆನ್, ನಾರ್ವೆ