ರೋಮನ್ ಸೈನಿಕರ ನಡುವೆ ಎಷ್ಟು ಜಾಗ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಬರೆದು ಕಳಿಸಿದ ರೋಮನ್ ಕಾಲಾಳುಗಳ ಚಿತ್ರ ನೋಡಿದೆ. ಮುಖಗಳು ಬಹಳ ಚೆನ್ನಾಗಿ ಬಂದಿವೆ. ಆದರೆ ಎಲ್ಲರನ್ನೂ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿಬಿಟ್ಟಿದ್ದೀಯ. ಹಾಗೆ ನಿಂತರೆ ಕತ್ತಿ ಎತ್ತೋಕೂ ಆಗಲ್ಲ, ಅಲ್ವಾ?

ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಈ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಅವನೇ ಕುದುರೆ ದಂಡಿನ ನಾಯಕನಾಗಿದ್ದವನು. ಹಾಗಾಗಿ ಅವನ ಮಾತನ್ನು ನಾನು ಜಾಸ್ತಿ ನಂಬುತ್ತೇನೆ. ರೋಮಿನ ಎದುರಾಳಿಯಾಗಿದ್ದ ಮ್ಯಾಸಿಡೋನಿಯಾದ ಈಟಿಗಾರನಿಗೆ 3 ಅಡಿ ಸಾಕು. ರೋಮನ್ನನಿಗೆ ಅಷ್ಟಲ್ಲದೆ ಪಕ್ಕದಲ್ಲೂ ಹಿಂದೆಯೂ ಇನ್ನು 3 ಅಡಿ ಬಿಡುವು ಬೇಕು. ಏಟು ಬಂದ ಕಡೆಗೆಲ್ಲ ಅವನು ಗುರಾಣಿ ತಿರುಗಿಸಬೇಕು, ಕತ್ತಿಯಿಂದ ತಿವಿಯಬೇಕು, ಕಡಿಯಲೂ ಬೇಕು. ಈ ಬಿಡುವಿಗೆ ಅವನು ಕೊಡುವ ಬೆಲೆಯೂ ದೊಡ್ಡದೇ. ಒಬ್ಬೊಬ್ಬ ರೋಮನ್ನನ ಎದುರಿಗೆ ಇಬ್ಬರು ಈಟಿಗಾರರು, ಅವರ ಸಾಲುಗಳಿಂದ ಚಾಚಿದ ಹತ್ತು ಈಟಿ ಮೊನೆಗಳು!

ಶತಮಾನಗಳ ನಂತರ ಬಂದ ರೋಮನ್ ಲೇಖಕ ವೆಜಿಟಿಯಸ್ ಮಾತ್ರ ಪಕ್ಕದವನ ಲೆಕ್ಕ 3 ಅಡಿ, ಸಾಲು ಸಾಲಿನ ನಡುವೆ 6 ಅಡಿ ಎನ್ನುತ್ತಾನೆ. ಯಾರು ಸರಿ ಎಂದು ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ. ನನಗನ್ನಿಸುವುದು, ಇದು ಒಂದೇ ಅಳತೆಯಲ್ಲಿ ನಿಲ್ಲುವ ವಿಷಯವಲ್ಲ. ಬಾಣ ಸುರಿದಾಗ ಒತ್ತಾಗಬೇಕು, ಕತ್ತಿ ಹಿರಿದಾಗ ಬಿಡಿಯಾಗಬೇಕು.

ಇದಕ್ಕೆ ರೋಮನ್ ಸೇನಾಪತಿ ಸೀಸರನೇ ಸಾಕ್ಷಿ. ಕ್ರಿ.ಪೂ. 57ರಲ್ಲಿ, ಇಂದಿನ ಫ್ರಾನ್ಸ್-ಬೆಲ್ಜಿಯಂ ಕಡೆಯ ಗಾಲ್‌ ನಾಡಿನ ಸಾಬಿಸ್ ನದಿಯ ಬಳಿ ನೆರ್ವಿಯರೆಂಬ ಬುಡಕಟ್ಟಿನವರು ಅವನ ಸೈನ್ಯದ ಮೇಲೆ ಇದ್ದಕ್ಕಿದ್ದಂತೆ ಬಿದ್ದರು. ಹನ್ನೆರಡನೆಯ ಲೀಜನ್ನಿನ (ಸಾವಿರಾರು ಕಾಲಾಳುಗಳ ದಳ) ಧ್ವಜಗಳೆಲ್ಲ ಒಂದೇ ಕಡೆ ಸೇರಿ, ಸೈನಿಕರು ಗುಂಪುಗಟ್ಟಿ ಒಬ್ಬರಿಗೊಬ್ಬರು ಅಡ್ಡವಾಗಿದ್ದರು. ಅದರ ತುಕಡಿಗಳಲ್ಲೊಂದಾದ ನಾಲ್ಕನೆಯ ಕೊಹಾರ್ಟ್‌ನ ಸೆಂಚೂರಿಯನ್‌ಗಳೆಲ್ಲ, ಅಂದರೆ ಅದರ ನಾಯಕರೆಲ್ಲ, ಸತ್ತಿದ್ದರು. ಧ್ವಜ ಹಿಡಿದವನೂ ಬಿದ್ದಿದ್ದ. ಸೀಸರ್ ಗುರಾಣಿ ಇಲ್ಲದೆ ಬಂದಿದ್ದ. ಹಿಂದಿನ ಸಾಲಿನವನೊಬ್ಬನ ಗುರಾಣಿ ಕಿತ್ತುಕೊಂಡು ಮುಂದಕ್ಕೆ ನುಗ್ಗಿದ. ಸೆಂಚೂರಿಯನ್‌ಗಳನ್ನು ಹೆಸರು ಹಿಡಿದು ಕೂಗಿದ. ಅವನು ಕೊಟ್ಟ ಅಪ್ಪಣೆ ಏನು ಗೊತ್ತಾ? ಧ್ವಜ ಮುಂದೆ ಒಯ್ಯಿರಿ, ಕತ್ತಿ ಆಡಿಸಲು ಸುಲಭವಾಗುವಂತೆ ಸಾಲು ಸಡಿಲಿಸಿ ಎಂದು. ಸಾವು ಎದುರಿಗೇ ಇರುವಾಗ ಪಕ್ಕದವನಿಂದ ದೂರ ಸರಿಯಿರಿ ಎನ್ನುವುದು, ಅದನ್ನು ಸೈನಿಕರು ಪಾಲಿಸುವುದು! ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ ಕಣೋ. ಭಯವಾದಾಗ ಮನುಷ್ಯ ಜೊತೆಯವನಿಗೆ ಇನ್ನಷ್ಟು ಅಂಟಿಕೊಳ್ಳುತ್ತಾನೆ. ಅವರ ತರಬೇತಿ ಆ ಭಯವನ್ನೂ ಮೀರಿತ್ತು.

ಕ್ರಿ.ಪೂ. 216ರಲ್ಲಿ ಇಟಲಿಯ ಕಾನೆಯಲ್ಲಿ ನಡೆದ ಯುದ್ಧದಲ್ಲಿ ಇದರ ಉಲ್ಟಾ ಆಯಿತು. ಅಲ್ಲಿ ರೋಮನ್ನರು ತಾವಾಗಿಯೇ ತುಕಡಿಗಳನ್ನು ಎಂದಿಗಿಂತ ಹತ್ತಿರ ನಿಲ್ಲಿಸಿದ್ದರು. ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಸುತ್ತುವರಿದ ಮೇಲೆ ಅಷ್ಟು ದೊಡ್ಡ ಸೈನ್ಯ ಅಲ್ಲಾಡಲಾರದೆ ಹೋಯಿತು.

ಚಿತ್ರ ತಿದ್ದುವಾಗ ಗುರಾಣಿಯಿಂದಲೇ ಅಳತೆ ಹಿಡಿ. ಅದರ ಅಗಲ ಎರಡೂವರೆ ಅಡಿ. ಒಬ್ಬೊಬ್ಬನಿಗೆ 6 ಅಡಿ ಕೊಟ್ಟರೆ ಎರಡು ಗುರಾಣಿಗಳ ನಡುವೆ ಮೂರೂವರೆ ಅಡಿ ಉಳಿಯುತ್ತದೆ. ಅಲ್ಲಿ ಹಿಂದಿನ ಸಾಲಿನವನ ಮುಖ ಬರೆಯಬಹುದು. ಹೊಸ ಚಿತ್ರ ಆದ ತಕ್ಷಣ ಕಳಿಸು.

ನಿನ್ನ ಗೆಳೆಯ